ಹಸಿದ ದನದ ತೇಗು ಅಳೆಯುವವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಜಿ ಅಸ್ಸುವಿನ ಕಲ್ಲುಗೋಡೆಯ ದೊಡ್ಡಿಯಲ್ಲಿ ತೂದಾ ಮೊಣಕಾಲೂರಿ ಕೂತು ಗೋದಲಿಯ ಮೂಲೆಗೆ ಕೈ ಹಾಕಿದ್ದಾಳೆ. ಬೆರಳಿಗೆ ಸಿಕ್ಕಿದ್ದು ನಾಲ್ಕೇ ನಾಲ್ಕು ಕಾಳು ಬಾರ್ಲಿ. ಅಂಗೈಯಲ್ಲಿಟ್ಟು ನೋಡುತ್ತಾಳೆ, ಮೂಸುತ್ತಾಳೆ, ಆಮೇಲೆ ಎದ್ದು ನಿಂತು ಮನೆಯ ಕಡೆ ತಿರುಗಿ ಇಡೀ ಹಳ್ಳಿಗೆ ಕೇಳುವ ಹಾಗೆ ಕೂಗುತ್ತಾಳೆ.

"ಯಾವಳೇ ಅದು? ಹೊರಗೆ ಬಾ! ರಾತ್ರಿ ದನಕ್ಕೆ ಬಾರ್ಲಿ ಹಾಕಿದ್ದು ಯಾವಳು?"

ದನಕ್ಕೆ ಹೊಟ್ಟೆ ತುಂಬ ಹಾಕಿದ್ದಕ್ಕೆ ಹೀಗೆ ಬೆಂಕಿಯಾಗುವ ಹೆಂಗಸು ಮೊರಾಕೊದ ಈ ಊಲ್ಮೆಸ್ ಸೀಮೆಯಲ್ಲಿ ಇನ್ನೊಬ್ಬಳು ಸಿಗಲಾರಳು. ಈ ಎತ್ತರದ ಬಯಲಿನಲ್ಲಿ ದನವೇ ಬದುಕು. ಹಾಲು ಮನೆಯ ಚಹಾಕ್ಕೆ, ಮಜ್ಜಿಗೆಗೆ ಸಾಲುವಷ್ಟು. ಎಳೆ ಹೋರಿಗಳನ್ನು ಓಕ್ ಕಾಡಿನಲ್ಲಿ ಮೇಯಿಸಿ, ಬೆಳೆಸಿ, ಕಸಾಯಿಯವರಿಗೆ ಮಾರಿದರೆ ವರ್ಷ ಸಾಗುತ್ತದೆ. ಐತ್ ತಗೂಂತ್ ಎಂಬ ಈ ಪುಟ್ಟ ಹಳ್ಳಿಯ ಎಲ್ಲರೂ ಮಾಡುವುದು ಅದನ್ನೇ. ತೂದಾ ಮಾತ್ರ ಇನ್ನೂ ಒಂದು ಕೆಲಸ ಮಾಡುತ್ತಾಳೆ. ದನ ತೇಗಿದ್ದನ್ನು ಹಿಡಿದು ಡಬ್ಬಿಗೆ ತುಂಬುತ್ತಾಳೆ. ಆ ತೇಗಿನಲ್ಲಿ ಮೀಥೇನ್ ಅನಿಲವಿದೆ, ಅದರಿಂದ ಭೂಮಿಯ ಕಾವು ಏರುತ್ತದೆ, ಮಾಂಸಕ್ಕೆಂದು ಸಾಕುವ ದನ ದಿನಕ್ಕೆ ಎಷ್ಟು ಬಿಡುತ್ತದೆ ಎಂದು ಅಳೆಯಬೇಕು ಎಂದು ರಾಜಧಾನಿ ರಬಾತಿನಿಂದ ಸಂಶೋಧಕರು ಬಂದಿದ್ದಾರೆ. ಸಲಕರಣೆಯೆಲ್ಲ ಅವರದೇ. ಅದನ್ನು ದನದ ಮೂಗಿಗೆ ಕಟ್ಟುವವಳು ತೂದಾ.

ಕೂಗಿ ಮುಗಿಸಿದರೂ ಅವಳ ಕೈ ನಿಂತಿಲ್ಲ. ಕಂದು ಹಸುವಿನ ಹಣೆಗೆ ಅಂಗೈ ಒತ್ತಿ, ಇನ್ನೊಂದು ಕೈಯಲ್ಲಿ ಮುಖದ ತೊಗಲುಪಟ್ಟಿ ಸರಿ ಮಾಡುತ್ತಾಳೆ. ಪಟ್ಟಿಯಲ್ಲಿ, ಹೊಳ್ಳೆಗಳ ಮೇಲೆ, ದಾರದಂಥ ಒಂದು ನಳಿಕೆಯ ಬಾಯಿ. ಅದರ ಇನ್ನೊಂದು ತುದಿ ಕೊರಳಿಗೆ ನೊಗದ ಹಾಗೆ ಕಟ್ಟಿದ ಬಿಳಿ ಡಬ್ಬಿಗೆ ಸೇರುತ್ತದೆ. ಡಬ್ಬಿಯೊಳಗಿನ ಗಾಳಿಯನ್ನೆಲ್ಲ ಮೊದಲೇ ಎಳೆದು ತೆಗೆದಿರುತ್ತಾರೆ. ಅದು ಒಂದು ಹಗಲು ಒಂದು ರಾತ್ರಿ ಹಸುವಿನ ಉಸಿರನ್ನು ಗುಟುಕು ಗುಟುಕಾಗಿ ಹೀರುತ್ತದೆ. ಬೆಳಗಾದರೆ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಬೇಕು. ಹಸುವಿನ ಹೊಟ್ಟೆಯಲ್ಲಿ ಬೆರಳುದ್ದದ ಹಿತ್ತಾಳೆ ಕೊಳವೆಯೊಂದು ಕೂತು, ಬೇರೊಂದು ಅನಿಲವನ್ನು ಗೊತ್ತಾದ ಲೆಕ್ಕದಲ್ಲಿ ಬಿಡುತ್ತಿರುತ್ತದೆ. ಅದರ ಜೊತೆ ತೂಗಿ ನೋಡಿ ಮೀಥೇನಿನ ಲೆಕ್ಕ ತೆಗೆಯುತ್ತಾರೆ. ಆ ಕೊಳವೆಯನ್ನು ಹಸುವಿನ ಗಂಟಲಿಗಿಳಿಸಿದವಳೂ ತೂದಾಳೇ. ಭುಜದ ಮೇಲಿರುವ ಕೊಂಬಿನ ಗಾಯ ಆವತ್ತಿನದು.

ಇಂಥ ಕೆಲಸಕ್ಕೆ ಹಳ್ಳಿ ಕೊಟ್ಟ ಬಿರುದು ಏನೆಂದು ಕೇಳಬೇಡಿ. ಬಾವಿಕಟ್ಟೆಯಲ್ಲಿ ಅವಳು ಕಂಡರೆ ಸಾಕು, ಅಂಗಡಿಯ ಮಿಮೂನ್ ಶುರು ಮಾಡುತ್ತಾನೆ. "ಏನ್ ತೂದಾ, ಇವತ್ತೆಷ್ಟು ಹೂಸು ಹಿಡಿದೆ? ನಮಗೂ ಒಂದು ಡಬ್ಬಿ ಕೊಡು, ಒಲೆ ಹಚ್ಕೋತೀವಿ."

"ಹಿಂದಿಂದಲ್ಲ ಕಣೋ ಬೆಪ್ಪೆ, ಬಾಯಿಂದ ಬರೋದು. ನಿನ್ನ ಹಾಗೇನೇ," ಎಂದು ಅವಳು ಕೊಡ ಎತ್ತಿಕೊಂಡು ಹೋಗುತ್ತಾಳೆ.

ತೂದಾಳಿಗೆ ನಲವತ್ತು ದಾಟಿದೆ. ಮದುವೆಯಾಗಿ ಕೆಳಗಿನ ಪೇಟೆಗೆ ಹೋದವಳು ಮೂರೇ ವರ್ಷಕ್ಕೆ ಬಟ್ಟೆಯ ಗಂಟು ಹೊತ್ತು ಅಣ್ಣನ ಮನೆಗೆ ವಾಪಸಾದಳು. ಅಂದಿನಿಂದ ಅಣ್ಣನ ದನ ಮೇಯಿಸುವುದು ಅವಳ ಪಾಲು. ಕಾಡಿನ ಇಬ್ಬನಿ, ಗಾಳಿ, ಹಿಮ ಎಲ್ಲಕ್ಕೂ ಅವಳು. ಸಂತೆಯಲ್ಲಿ ಹೋರಿ ಮಾರುವಾಗ ಮಾತ್ರ ಅಣ್ಣ. ಸಂಶೋಧಕರು ಮೊದಲ ಸಲ ಬಂದಾಗ ಬೂಟು ಹಾಕಿದ ತಂತ್ರಜ್ಞನೊಬ್ಬನನ್ನು ಇವಳ ಹೋರಿ ಮುಳ್ಳಿನ ಮೇಲೆ ದರದರ ಎಳೆದುಕೊಂಡು ಹೋಗಿತ್ತು. ಬಿದ್ದು ಬಿದ್ದು ನಕ್ಕ ತೂದಾ ಕೊನೆಗೆ ತಾನೇ ಹೋಗಿ ಪಟ್ಟಿ ಕಟ್ಟಿದಳು. ಅಲ್ಲಿಗೆ ಅವಳಿಗೆ ಕೆಲಸ ಸಿಕ್ಕಿತು. ಕೂಲಿ ಎಂದರೆ ಆಲಿವ್ ಕೀಳುವವರಿಗೆ ಕೊಡುವ ಕೂಲಿ. ಮೊದಲ ಅಳತೆಯ ಮೇಲೆ ಅವರು ಬರೆದ ವರದಿಯ ಮುಖಪುಟದಲ್ಲಿ ಅವಳ ಹಸುವಿನ ದೊಡ್ಡ ಫೋಟೋ ಇದೆ. ಪಟ್ಟಿ ಹಿಡಿದ ಕೈಯೂ ಇದೆ. ಮೊಣಕೈಯಿಂದಾಚೆಗೆ ಅವಳನ್ನು ಫೋಟೋದಿಂದ ಕತ್ತರಿಸಿ ಎಸೆದಿದ್ದಾರೆ. ಆ ಪುಟ ನೋಡಿದವರ ಮೈ ಉರಿಯುತ್ತದೆ. ತೂದಾ ಮಾತ್ರ ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಅವಳ ಸಿಟ್ಟೆಲ್ಲ ಆ ವರದಿಯ ಒಳಗಿರುವುದರ ಮೇಲೆ. ಅದರಲ್ಲಿ ಮೊದಲ ಪಾಲು ತನ್ನ ಮೇಲೆಯೇ.

ಕಳೆದ ಅಕ್ಟೋಬರಿನಲ್ಲಿ ಮೊದಲ ಅಳತೆ ನಡೆಯಿತು. ಮಳೆ ಬಂದಿರಲಿಲ್ಲ, ಹೊಲದಲ್ಲಿ ಕೂಳೆ ಕೂಡ ಉಳಿದಿರಲಿಲ್ಲ. ರಬಾತಿನಿಂದ ಜನ ಬರುತ್ತಾರೆ, ಒಂದು ವಾರ ಇಲ್ಲೇ ಇದ್ದು ನಮ್ಮ ದನ ನೋಡುತ್ತಾರೆ ಎಂದು ಸುದ್ದಿ ಬಂದದ್ದೇ ತಡ, ಹಳ್ಳಿಯ ಹೆಂಗಸರು ಮಾಡಿದ್ದೇನು? ಮನೆ ಸಾರಿಸಿದರು, ಮಕ್ಕಳಿಗೆ ಒಗೆದ ಬಟ್ಟೆ ಹಾಕಿದರು, ದನಗಳ ಮುಂದೆ ಬಾರ್ಲಿ ಸುರಿದರು. ಚಳಿಗಾಲಕ್ಕೆಂದು ಎತ್ತಿಟ್ಟಿದ್ದ ಕುದುರೆ ಮೆಂತೆ ಸೊಪ್ಪು, ಬೀಟ್ ಹಿಂಡಿ, ಒಣಗಿದ ರೊಟ್ಟಿ, ಎಲ್ಲವೂ ಆ ವಾರ ಗೋದಲಿಗೆ ಬಂತು. ಬಂದವರ ಮುಂದೆ ಖಾಲಿ ತಟ್ಟೆ ಇಡುವುದುಂಟೇ? ಬಡಕಲು ದನ ನಿಲ್ಲಿಸುವುದೂ ಹಾಗೆಯೇ. ಮೋಸ ಎಂಬ ಮಾತು ಯಾರ ಮನಸ್ಸಿಗೂ ಬರಲಿಲ್ಲ. ಸಂಶೋಧಕಿ ಜೀಹಾನ್ ಮನೆ ಮನೆಗೆ ಹೋಗಿ, "ದನಕ್ಕೆ ದಿನಾ ಹಾಕೋದು ಇದನ್ನೇನಾ?" ಎಂದು ಕೇಳಿದಳು. ಎಲ್ಲರೂ ಹೌದೆಂದರು. ಇಲ್ಲ ಎಂದರೆ ನಾವು ದರಿದ್ರರು ಎಂದು ಒಪ್ಪಿಕೊಂಡ ಹಾಗಲ್ಲವೇ?

"ನಾನೂ ಹೌದು ಅಂದೆ," ಎನ್ನುತ್ತಾಳೆ ತೂದಾ. "ನಮ್ಮಣ್ಣನಿಗೂ ಹೇಳದೆ ಅರ್ಧ ಮೂಟೆ ಖಾಲಿ ಮಾಡಿದ್ದೆ. ಹಸು ಹೊಟ್ಟೆ ಉಬ್ಬಿಸ್ಕೊಂಡು ನಿಂತಿತ್ತು, ನೋಡಿ ನಂಗೆ ಖುಷಿಯೋ ಖುಷಿ. ಥೂ, ನನ್ನ ಬುದ್ಧಿಗಿಷ್ಟು."

ಹೆಚ್ಚು ತಿಂದ ದನ ಹೆಚ್ಚು ತೇಗುತ್ತದೆ. ವಿಷಯ ಅಷ್ಟೇ. ಹಬ್ಬದಂಥ ಆ ಒಂದು ವಾರದ ತೇಗನ್ನು ಕಚೇರಿಯವರು ಇಡೀ ವರ್ಷಕ್ಕೆ ಗುಣಿಸಿದರು. ವರ್ಷದಲ್ಲಿ ಅರ್ಧ ಕಾಲ ಮುಳ್ಳು, ಒಣ ಎಲೆ, ಉದುರಿದ ಓಕ್ ಕಾಯಿ ತಿಂದು ಬದುಕುವ ದನ ಕಾಗದದ ಮೇಲೆ ದಿನವೂ ಬಾರ್ಲಿ ಮುಕ್ಕುವ ದನವಾಯಿತು. ವಸಂತದಲ್ಲಿ ವರದಿ ಬಂತು. ಸಮುದ್ರದ ದಂಡೆಯಲ್ಲಿ ದೊಡ್ಡ ಶೆಡ್ಡು ಕಟ್ಟಿ, ಹೊರದೇಶದ ಹೋರಿ ತಂದು, ಹಡಗಿನಲ್ಲಿ ಬಂದ ಜೋಳ ತಿನ್ನಿಸುವವರ ದನ ಒಳ್ಳೆಯದಂತೆ. ನಮ್ಮ ಕಂದು ದನ ಮಾಂಸ ಕೊಡುವುದು ಕಡಿಮೆ, ಅನಿಲ ಬಿಡುವುದು ಹೆಚ್ಚಂತೆ. ಆದ್ದರಿಂದ ಈ ಶರತ್ಕಾಲದಿಂದ ಐತ್ ತಗೂಂತಿನ ಅರ್ಧದಷ್ಟು ದನಕ್ಕೆ ಕಾಡಿನಲ್ಲಿ ಮೇಯುವ ಪರವಾನಗಿ ಇಲ್ಲವಂತೆ. ಕಚೇರಿಯ ಸಾಹೇಬನ ಸಹಿ ಒಂದು ಬಾಕಿ.

ಇದನ್ನು ಬರೆದ ಮಹಾಶಯರಲ್ಲಿ ಒಬ್ಬನಾದರೂ ಆಗಸ್ಟಿನಲ್ಲಿ ಇಲ್ಲಿಗೆ ಬಂದು ಒಂದು ಹಸುವಿನ ಬೆನ್ನು ಸವರಿದ್ದರೆ ಈ ಕಾಗದ ಹುಟ್ಟುತ್ತಿರಲಿಲ್ಲ. ಅರ್ಧ ದನ ಮಾರು ಎಂದರೆ ಯಾವ ಅರ್ಧ? ಗಬ್ಬದ ಹಸುವೋ, ಎಳೆಗರುವೋ? ಕಾಡು ಬಿಟ್ಟರೆ ಇಲ್ಲಿ ದನ ಕಟ್ಟಲು ಜಾಗವಿಲ್ಲ, ದನ ಬಿಟ್ಟರೆ ಜನಕ್ಕೆ ಬೇರೆ ಕಸುಬಿಲ್ಲ. ಏರ್ ಕಂಡಿಷನ್ ಕೋಣೆಯಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ಜಗಿಯುತ್ತ ಭೂಮಿಯ ಕಾವಿನ ಬಗ್ಗೆ ಸಭೆ ನಡೆಸುವವರಿಗೆ ಇದು ಹೇಗೆ ತಿಳಿಯಬೇಕು?

ಹಳ್ಳಿಯವರು ಕಚೇರಿಯವರನ್ನು ಬಾಯಿಗೆ ಬಂದಂತೆ ಬೈದು ಸುಮ್ಮನಾದರು. ತೂದಾ ಸುಮ್ಮನಾಗಲಿಲ್ಲ. ಯಾರನ್ನೂ ಕೇಳದೆ ಬಸ್ಸು ಹತ್ತಿ ರಬಾತಿಗೆ ಹೋದಳು. ಜೀಹಾನಳನ್ನು ಹುಡುಕಿ, ಅವಳ ಮೇಜಿನ ಮುಂದೆ ನಿಂತು, ನಾವು ನಿನಗೆ ಸುಳ್ಳು ಹೇಳಿದೆವು ಎಂದಳು. ಬಾರ್ಲಿಯ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಜೀಹಾನ್ ಮೊದಲು ತಲೆ ಹಿಡಿದುಕೊಂಡು ಕೂತಳು, ಆಮೇಲೆ ರೇಗಿದಳು, ಕೊನೆಗೆ ಮೇಲಿನವರ ಬಳಿ ಹೋಗಿ ಜಗಳವಾಡಿ ಈ ಆಗಸ್ಟಿನಲ್ಲಿ ಇನ್ನೊಂದು ಅಳತೆಗೆ ಒಪ್ಪಿಗೆ ತಂದಳು. ಒಪ್ಪಿಗೆಗೆ ಒಂದು ಷರತ್ತು. ಅದೇ ಮನೆಗಳು, ಅದೇ ಹನ್ನೆರಡು ದನ. ಒಂದು ಕಡಿಮೆಯಾದರೂ ಹಳೆಯ ವರದಿಯೇ ಗಟ್ಟಿ.

ಇದಾದ ಮೇಲೆ ಹಳ್ಳಿಯನ್ನು ಒಪ್ಪಿಸುವುದು ರಬಾತನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ದನಗಳನ್ನು ಉಪವಾಸ ಕೆಡವಿ ಎಂದು ಯಾರೂ ಹೇಳಿರಲಿಲ್ಲ. ಆಗಸ್ಟಿನಲ್ಲಿ ದಿನಾ ಏನು ಹಾಕುತ್ತೀರೋ ಅದನ್ನೇ ಹಾಕಿ ಎಂದಷ್ಟೇ ಮಾತು. ಹಳ್ಳಿಯಲ್ಲೇ ಹೆಚ್ಚು ದನ ಇರುವ ಹಾಜಿ ಅಸ್ಸು ಮಸೀದಿಯ ಮುಂದೆ ಎಲ್ಲರೆದುರು ಕಿಡಿಕಾರಿದ. "ನಮ್ಮ ದನದ ಪಕ್ಕೆಲುಬನ್ನ ಊರೋರೆಲ್ಲ ಬಂದು ಎಣಿಸ್ಬೇಕಾ? ನಮ್ಮಪ್ಪನ ಕಾಲದಿಂದ ಈ ಮನೆಯಲ್ಲಿ ಇಲ್ಲ ಅನ್ನೋ ಮಾತು ಬಂದಿಲ್ಲ. ನೀನು ಹೋಗಿ ಪೇಟೆಯಲ್ಲಿ ಡಂಗುರ ಹೊಡ್ಕೊಂಡು ಬಂದಿದ್ದೀಯ."

"ಮರ್ಯಾದೆ ಉಳಿಸ್ಕೊಳ್ಳಿ ಹಾಜಿ," ಎಂದಳು ತೂದಾ. "ಶರತ್ಕಾಲಕ್ಕೆ ದನ ಹೋಗ್ತವೆ. ಆಮೇಲೆ ಖಾಲಿ ದೊಡ್ಡೀಲಿ ಮರ್ಯಾದೆ ಕಟ್ಟಿ ಮೇಯಿಸಿ."

ಹೇಳಿ ಸುಮ್ಮನೆ ಹೋಗಲಿಲ್ಲ. ತನ್ನ ದನಗಳಲ್ಲಿ ಅತಿ ಬಡಕಲಾದ ಹಸುವನ್ನು ಹಗ್ಗ ಹಿಡಿದು ಹಳ್ಳಿಯ ನಡುವೆ, ಬಾವಿಕಟ್ಟೆಯ ಮುಂದೆ, ಮಸೀದಿಯ ಮುಂದೆ ನಡೆಸಿಕೊಂಡು ಹೋದಳು. ಕಳ್ಳದಾರಿಯಲ್ಲಿ ಅಲ್ಲ, ನಡುಮಧ್ಯಾಹ್ನ. ಅಣ್ಣ ಆವತ್ತು ಮನೆಯಿಂದ ಹೊರಗೆ ಬರಲಿಲ್ಲ, ಅವಳ ಜೊತೆ ಎರಡು ದಿನ ಮಾತೂ ಆಡಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಇನ್ನೊಬ್ಬಳು ತನ್ನ ಹಸು ಬಿಚ್ಚಿ ಹೊರಗೆ ತಂದಳು. ಆಮೇಲೆ ಮತ್ತೊಬ್ಬಳು. ಎಲ್ಲರ ಹಸುವೂ ಅಷ್ಟೇ ಬಡಕಲು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಕಡೆಗೆ ಒಪ್ಪಿದವನು ಹಾಜಿ.

ಈಗ ಅದೇ ಹಾಜಿಯ ಗೋದಲಿಯಲ್ಲಿ ಬಾರ್ಲಿ ಸಿಕ್ಕಿದೆ. ಹಾಜಿಯ ಹೆಂಡತಿ ಯಮ್ನಾ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅರುವತ್ತು ದಾಟಿದ ಹೆಂಗಸು, ಊರಿಗೆಲ್ಲ ಲಲ್ಲಾ, ಅಂದರೆ ಅಮ್ಮಾವ್ರು.

"ನಾನೇ ಹಾಕಿದ್ದು. ಯಾಕೆ ಊರು ಒಂದು ಮಾಡ್ತೀಯ?"

"ಲಲ್ಲಾ ಯಮ್ನಾ, ನೀವಾ! ನಾನೇನು ಹೇಳಿದ್ದೆ? ಕೈ ಮುಗಿಯೋದೊಂದು ಬಾಕಿ ಇತ್ತು."

"ನಿನ್ನೆ ರಾತ್ರಿ ಆ ಮಕ್ಕಳು ಇಲ್ಲೇ ಊಟ ಮಾಡಿದ್ರು," ಎನ್ನುತ್ತಾಳೆ ಯಮ್ನಾ. ಆ ಮಕ್ಕಳು ಎಂದರೆ ಜೀಹಾನ್ ಮತ್ತು ಅವಳ ತಂತ್ರಜ್ಞ. "ಕೋಳಿ ಮಾಡಿದ್ದೆ. ತಿಂದು ಕೈ ತೊಳ್ಕೊಂಡು ಈ ಬಾಗಿಲಿಂದಾನೇ ಹೋದ್ರು. ಇಲ್ಲೇ ಇದು ನಿಂತಿತ್ತು, ನನ್ನನ್ನೇ ನೋಡ್ತಾ. ಮನುಷ್ಯರಿಗೆ ಬಡಿಸಿ ಇದಕ್ಕೆ ಬರೀ ಮುಳ್ಳು ಹಾಕು ಅಂದ್ರೆ ನನ್ನ ಕೈಲಾಗಲ್ಲ ತಾಯಿ. ಒಂದೇ ಬುಟ್ಟಿ ಹಾಕ್ದೆ. ಇದಕ್ಕೂ ಪಕ್ಕದ್ದಕ್ಕೂ ಹಂಚಿ."

"ಒಂದೇ ಬುಟ್ಟಿ! ನಿಮ್ಮ ಒಂದು ಬುಟ್ಟಿಯಿಂದ ಊರಿನ ಅರ್ಧ ದನ ಹೋಗ್ತವೆ ಲಲ್ಲಾ!" ತೂದಾ ಮತ್ತೆ ಕೂಗುತ್ತಾಳೆ. ಹಸು ಬೆದರಿ ತಲೆ ಕೊಡವುತ್ತದೆ. ಅವಳು ಅದರ ಗಂಗೆದೊಗಲು ನೀವುತ್ತ, ನಿನ್ನದೇನೂ ತಪ್ಪಿಲ್ಲ ಸುಮ್ಮನಿರು ಎಂದು ಮೆಲ್ಲಗೆ ಹೇಳುತ್ತಾಳೆ. ಯಮ್ನಾ ಅಳುತ್ತ ಒಳಗೆ ಹೋಗುತ್ತಾಳೆ.

ಕೂಗಾಟ ಕೇಳಿ ಜೀಹಾನ್ ಬರುತ್ತಾಳೆ. ಇಪ್ಪತ್ತೆಂಟರ ಹುಡುಗಿ, ನಿದ್ದೆಗಣ್ಣು, ಕಾಲಿಗೆ ಯಾರದೋ ರಬ್ಬರ್ ಚಪ್ಪಲಿ. ವಿಷಯ ತಿಳಿದು ಅಲ್ಲೇ ಕಲ್ಲಿನ ಮೇಲೆ ಕೂರುತ್ತಾಳೆ. ಬಾರ್ಲಿ ತಿಂದ ಎರಡು ದನದ ಡಬ್ಬಿಗಳು ಕೆಲಸಕ್ಕೆ ಬಾರವು. ಅವುಗಳ ಹೊಟ್ಟೆ ಮೊದಲಿನಂತಾಗಬೇಕು, ಆಮೇಲೆ ಮತ್ತೆ ಅಳೆಯಬೇಕು, ಅದಕ್ಕೆ ಇನ್ನೊಂದು ವಾರ ಬೇಕು. ಜೀಪನ್ನು ಈ ವಾರದ ಕೊನೆಗೆ ವಾಪಸ್ ಕೊಡಬೇಕು. ಹೆಚ್ಚಿನ ದಿನ ಬೇಕಾದರೆ ಕಚೇರಿಯ ಸಾಹೇಬನಿಗೆ ಕಾರಣ ಹೇಳಬೇಕು.

"ಹೀಗೆ ಮಾಡೋಣ ಖಾಲ್ತಿ," ಎನ್ನುತ್ತಾಳೆ ಜೀಹಾನ್. ತೂದಾಳನ್ನು ಅವಳು ಕರೆಯುವುದು ಚಿಕ್ಕಮ್ಮ ಎಂದೇ. "ಎರಡು ದನದ ನಳಿಕೆ ಧೂಳು ಕಟ್ಕೊಂಡಿತ್ತು ಅಂತೀನಿ. ಯಂತ್ರದ ತೊಂದರೆ ಅಂದ್ರೆ ಅವರು ಜಾಸ್ತಿ ಕೇಳಲ್ಲ. ಹಾಜಿಯವರ ಹೆಸರು ಬರೋದು ಬೇಡ, ಪಾಪ. ದೊಡ್ಡ ಮನುಷ್ಯರು."

ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಹಾಜಿಯ ಮನೆಯಲ್ಲಿ ಅನ್ನ ತಿಂದವಳು, ಆ ಮನೆಯ ಮಾನ ಕಾಯಲು ಹೊರಟಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಅವಳ ಕೈ ಹಿಡಿದು ಹರಸುತ್ತಿದ್ದರು. ತೂದಾ ಬಿಚ್ಚಿದ ಡಬ್ಬಿಯನ್ನು ಧಡ್ ಎಂದು ನೆಲಕ್ಕೆ ಕುಕ್ಕುತ್ತಾಳೆ.

"ನಿನಗೂ ನಮ್ಮ ರೋಗ ಅಂಟ್ಕೊಂಡಿತಾ ಹುಡುಗಿ? ನಾವು ನಿನ್ನ ಮುಂದೆ ಮರ್ಯಾದೆಗೆ ಸುಳ್ಳು ಹೇಳಿದ್ವಿ, ಊರು ಮುಳುಗ್ತಾ ಇದೆ. ಈಗ ನೀನು ನಮ್ಮ ಮರ್ಯಾದೆಗೆ ಇನ್ನೊಂದು ಸುಳ್ಳು ಹೇಳ್ತೀಯಾ? ನಾಳೆ ಆ ಸಾಹೇಬ ನಳಿಕೆ ತಂದು ತೋರಿಸು ಅಂದ್ರೆ? ಹನ್ನೆರಡೂ ಡಬ್ಬಿ ಸುಳ್ಳು ಅಂತಾನೆ. ಅನ್ನಲಿ ಅಂತಾನೇ ಕಾಯ್ತಾ ಇದ್ದಾನೆ ಅವನು."

"ಮತ್ತೇನ್ ಹೇಳ್ಲಿ ಖಾಲ್ತಿ? ಬಾರ್ಲಿ ಹಾಕಿದ್ರು ಅಂದ್ರೆ, ಈ ಜನರೇ ಹಿಂಗೆ, ನಂಬೋಕಾಗಲ್ಲ ಅಂತಾರೆ."

"ಅಂದ್ಕೊಳ್ಲಿ. ಯಾಕೆ ಹಾಕಿದ್ರು ಅಂತಾನೂ ಹೇಳು. ಅದನ್ನ ಯಾವತ್ತಾದ್ರೂ ಕೇಳಿದ್ದಾರಾ ಅವರು?"

ಜೀಹಾನ್ ಫೋನು ಕೈಗೆತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ದೊಡ್ಡಿಯ ಬಾಗಿಲಲ್ಲಿ ಹಾಜಿ ಅಸ್ಸು ನಿಂತಿರುವುದು ಕಾಣುತ್ತದೆ. ಎಷ್ಟು ಹೊತ್ತಿನಿಂದ ನಿಂತಿದ್ದಾನೋ. ಗಡ್ಡದ ತುದಿಯಲ್ಲಿ ನಮಾಜಿಗೆ ಮುಖ ತೊಳೆದ ನೀರು ಇನ್ನೂ ಇದೆ. ಮಸೀದಿಯ ಮುಂದೆ ಡಂಗುರದ ಮಾತಾಡಿದ ಆ ಬಾಯಿ ಈಗ ಏನನ್ನುತ್ತದೋ ಎಂದು ತೂದಾ ಸೆಟೆದು ನಿಲ್ಲುತ್ತಾಳೆ.

"ಫೋನ್ ಹಚ್ಚು ಮಗಳೇ," ಎನ್ನುತ್ತಾನೆ ಹಾಜಿ. "ನಾನು ಮಾತಾಡ್ತೀನಿ."

ಜೀಹಾನ್ ಹಚ್ಚುತ್ತಾಳೆ. ಅಷ್ಟು ಬೆಳಗ್ಗೆ ಎಬ್ಬಿಸಿಕೊಂಡ ಸಾಹೇಬನ ಗೊಗ್ಗರು ದನಿ ದೊಡ್ಡಿಗೆಲ್ಲ ಕೇಳುತ್ತದೆ. ಹಾಜಿ ಫೋನನ್ನು ಬಾಯಿಯ ಮುಂದೆ ಹಲಗೆಯ ಹಾಗೆ ಹಿಡಿದು, ಪ್ರತಿ ಮಾತನ್ನೂ ಒತ್ತಿ ಹೇಳುತ್ತಾನೆ.

"ನಾನು ಐತ್ ತಗೂಂತಿನ ಅಸ್ಸು. ನಿನ್ನೆ ರಾತ್ರಿ ನನ್ನ ಮನೆಯಲ್ಲಿ ಎರಡು ದನಕ್ಕೆ ಬಾರ್ಲಿ ಹಾಕಿದ್ದೀವಿ. ಹೋದ ಅಕ್ಟೋಬರಲ್ಲೂ ಹಾಕಿದ್ವಿ, ಎಲ್ಲ ಮನೆಯವರೂ. ದಿನಾ ಹಾಕೋಕೆ ನಮ್ಮ ಹತ್ರ ಇಲ್ಲ. ನಮ್ಮ ದನ ಆಗಸ್ಟಲ್ಲಿ ಹಸ್ಕೊಂಡೇ ಇರ್ತವೆ. ಬಂದೋರಿಗೆ ಅದನ್ನ ತೋರ್ಸೋಕೆ ನಾಚ್ಕೆ ಆಯ್ತು. ಇನ್ನೊಂದು ವಾರ ಈ ಹುಡುಗೀನ ಇಲ್ಲಿ ಬಿಡಿ. ಬಾರ್ಲಿ ಮೂಟೆ ನಾನೇ ಇವಳ ಜೀಪಲ್ಲಿ ಹಾಕಿ ಬೀಗ ಜಡೀತೀನಿ."

ಬಾಗಿಲ ಹಿಂದೆ ಯಮ್ನಾ ಅಳು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಾಳೆ. ಎಪ್ಪತ್ತು ವರ್ಷ ಯಾರ ಮುಂದೆಯೂ ಇಲ್ಲ ಎನ್ನದ ಮುದುಕ, ಮುಖ ಕಾಣದ ಒಬ್ಬ ಅಧಿಕಾರಿಯ ಮುಂದೆ ತನ್ನ ಹಸಿವನ್ನು ಬಿಚ್ಚಿಟ್ಟು ನಿಂತಿದ್ದಾನೆ. ಅವನನ್ನು ಈ ಸ್ಥಿತಿಗೆ ತಂದ ವರದಿಯ ಮೇಲೆ, ಅದನ್ನು ಬರೆದವರ ಮೇಲೆ, ಎಷ್ಟು ಸಿಟ್ಟು ಬಂದರೂ ಕಡಿಮೆಯೇ. ಕೊನೆಗೆ ಫೋನು ಕೆಮ್ಮುತ್ತದೆ. ಒಂದು ವಾರ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಡೀಸೆಲ್ಲಿನ ಲೆಕ್ಕ ಬೇರೆ ಕೊಡಬೇಕು ಎಂದು ಹೇಳಿ ಸಾಹೇಬ ಫೋನು ಇಡುತ್ತಾನೆ.

ಹಾಜಿ ಫೋನನ್ನು ಜೀಹಾನಳಿಗೆ ಕೊಟ್ಟು, ತೂದಾಳ ಕಡೆ ನೋಡದೆ ಹೇಳುತ್ತಾನೆ: "ಈಗ ಸಮಾಧಾನ ಆಯ್ತಾ ನಿನಗೆ?"

"ಇಲ್ಲ," ಎನ್ನುತ್ತಾಳೆ ತೂದಾ. "ನಿಮ್ಮ ಬಾಯಲ್ಲಿ ಇದನ್ನ ಹೇಳಿಸಿದ್ರಲ್ಲ, ಅದಕ್ಕೆ ಸಮಾಧಾನ ಹೇಗಾಗುತ್ತೆ ಹಾಜಿ?"

ಆ ವಾರವೆಲ್ಲ ಅವಳು ಬೆಳಕಿಗೆ ಮುಂಚೆ ಎದ್ದು ಮನೆ ಮನೆಗೆ ಹೋಗುತ್ತಾಳೆ. ಪಟ್ಟಿ ಕಟ್ಟುತ್ತಾಳೆ, ಡಬ್ಬಿ ಬದಲಿಸುತ್ತಾಳೆ, ನಳಿಕೆಯ ಕೀಲಿಗೆ ಕಿವಿಯಿಟ್ಟು ಗಾಳಿ ಸೋರುತ್ತಿಲ್ಲವೆಂದು ನೋಡುತ್ತಾಳೆ. ಗೋದಲಿಗಳಲ್ಲಿ ಮುಳ್ಳು, ಒಣ ಎಲೆ ಬಿಟ್ಟು ಏನೂ ಸಿಗುವುದಿಲ್ಲ. ಹಾಜಿಯ ಹೋರಿ ಒಮ್ಮೆ ಅವಳ ಕಾಲು ತುಳಿದು ಹೆಬ್ಬೆರಳಿನ ಉಗುರು ಕೀಳುತ್ತದೆ. ಅವಳು ಹಳೆಯ ಬಟ್ಟೆ ಸುತ್ತಿಕೊಂಡು ಮುಂದಿನ ಮನೆಗೆ ಕುಂಟುತ್ತಾಳೆ. ಹನ್ನೆರಡು ದನದ ಡಬ್ಬಿಗಳೂ ಸರಿಯಾಗಿ ತುಂಬುತ್ತವೆ. ಇದನ್ನು ಬರೆಯುವ ಹೊತ್ತಿಗೆ ಅವು ಜೀಪಿನ ಹಿಂದೆ ಕಂಬಳಿಯಲ್ಲಿ ಸುತ್ತಿಕೊಂಡು ರಬಾತಿನ ಪ್ರಯೋಗಾಲಯಕ್ಕೆ ಹೊರಟಿವೆ. ಫಲಿತಾಂಶ ಬರಲು ತಿಂಗಳಾಗಬಹುದು. ಸಹಿ ಹಾಕುವವನು ಅಲ್ಲಿಯವರೆಗೆ ಕಾಯುತ್ತಾನೋ ಇಲ್ಲವೋ, ಅದನ್ನು ಜೀಹಾನಳಿಗೂ ಹೇಳಲಾಗುವುದಿಲ್ಲ.

ಜೀಪು ಹೊರಡುವ ಮೊದಲು ಜೀಹಾನ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಾಳೆ. "ಈ ಸಲದ ವರದಿಯಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ ಖಾಲ್ತಿ. ಎಷ್ಟೇ ಜಗಳ ಆದ್ರೂ ಸರಿ. ಪೂರ್ತಿ ಹೆಸರು ಹೇಳಿ."

ತೂದಾ ಕಿಟಕಿಗೆ ಕೈಯೂರಿ ನಿಲ್ಲುತ್ತಾಳೆ. ವಾರವೆಲ್ಲ ನಿದ್ದೆಗೆಟ್ಟ ಕಣ್ಣು ಕೆಂಪಗಿದೆ.

"ನನ್ನ ಹೆಸರು ಕಟ್ಕೊಂಡು ಏನಾಗ್ಬೇಕು? ನೀವು ಒಂದು ಪಟ್ಟಿ ಮಾಡ್ತೀರಲ್ಲ, ಹಸುವಿನ ತೂಕ, ವಯಸ್ಸು, ಎಷ್ಟು ಗಾಳಿ ಬಿಡ್ತು ಅಂತ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಎಳೆ. ಹನ್ನೆರಡು ಹಸುವಿನ ಮುಂದೂ 'ಹಸಿದಿತ್ತು' ಅಂತ ಬರಿ. ದೊಡ್ಡಕ್ಷರದಲ್ಲಿ ಬರಿ. ಆ ಸಾಹೇಬ ಸಹಿ ಹಾಕೋದೇ ಆದ್ರೆ ಅದನ್ನ ಓದ್ಕೊಂಡು ಹಾಕ್ಲಿ."